ಮನೋರೋಗ ವಾರ್ಡಿನಲ್ಲಿ ಪೆಟ್ಟು ತಿಂದ ಮೇಲೆ: ಶುಶ್ರೂಷಕರ ಆರೋಗ್ಯವನ್ನು ನೋಡಿಕೊಳ್ಳುವವರು ಯಾರು?

ಸಂಜೆಪಾಳಿ

ತೀವ್ರ ಮನೋರೋಗಿಗಳ ವಾರ್ಡಿನಲ್ಲಿ ನಾನು ಕೆಲಸಕ್ಕೆ ಸೇರಿ ಒಂಬತ್ತು ವರ್ಷಗಳಾದವು. ಮೂರು ವಾರಗಳ ಹಿಂದೆ ಸಂಜೆಯ ಮಾತ್ರೆ ಕೊಡುತ್ತಿದ್ದಾಗ ರೋಗಿಯೊಬ್ಬರು ನನ್ನ ಕೆನ್ನೆಗೆ ಬಲವಾಗಿ ಹೊಡೆದರು. ಔಷಧದ ತಟ್ಟೆ ನೆಲಕ್ಕೆ ಬಿತ್ತು. ಕನ್ನಡಕದ ಒಂದು ಕಡ್ಡಿ ಮುರಿಯಿತು. ಸಹೋದ್ಯೋಗಿಗಳಿಬ್ಬರು ಓಡಿ ಬಂದು ರೋಗಿಯನ್ನು ಮಾತಿನಿಂದಲೇ ಸಮಾಧಾನಪಡಿಸಿ ಅವರ ಕೋಣೆಗೆ ಕರೆದುಕೊಂಡು ಹೋದರು. ನಾನು ಮಾತ್ರ ಮೊಣಕಾಲೂರಿ ಕುಳಿತು ಚೆಲ್ಲಿದ ಮಾತ್ರೆಗಳನ್ನು ಒಂದೊಂದಾಗಿ ಆರಿಸಿ ಎಣಿಸಿದೆ, ಏಕೆಂದರೆ ಒಂದೇ ಒಂದು ಮಾತ್ರೆ ಲೆಕ್ಕಕ್ಕೆ ಸಿಗದಿದ್ದರೂ ಅದು ಯಾರ ಕೈಗೆ ಸೇರೀತೋ ಎಂಬ ಭಯ ನಮ್ಮಂಥವರಿಗೆ ನೋವಿಗಿಂತ ಮೊದಲು ಬರುತ್ತದೆ. ಹದಿನೇಳು ಮಾತ್ರೆಗಳಿದ್ದವು, ಹದಿನೇಳೂ ಸಿಕ್ಕವು. ಆಮೇಲೆ ಪಾಳಿ ಮುಗಿಯುವವರೆಗೂ ಕೆಲಸ ಮಾಡಿದೆ.

ಆ ರೋಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಕೇಳಿಸುತ್ತಿದ್ದ ಧ್ವನಿಗಳು ಆ ಗಳಿಗೆಯಲ್ಲಿ ನನ್ನ ಬಗ್ಗೆ ಏನೆಂದವೋ ನನಗೆ ತಿಳಿಯದು; ನಾಲ್ಕನೆಯ ದಿನ ಅವರೇ ಬಂದು ಕ್ಷಮೆ ಕೇಳಿದರು. ನನ್ನನ್ನು ಕಾಡುತ್ತಿರುವುದು ಮರುದಿನ ಕಚೇರಿಯಲ್ಲಿ ನಡೆದ ಮಾತುಕತೆ. ಅಲ್ಲಿ ಕೇಳಿದ ಮೊದಲ ಪ್ರಶ್ನೆ ‘ಆಗ ನೀವು ಎಲ್ಲಿ ನಿಂತಿದ್ದಿರಿ?’ ಎಂಬುದು; ಎರಡನೆಯದು ‘ಅವರಿಗೆ ನೀವು ಏನು ಹೇಳಿದಿರಿ?’ ಎಂಬುದು. ನೋವಾಯಿತೇ ಎಂದು ಕೇಳಿದವರು ವಾರ್ಡು ಗುಡಿಸುವ ಅಮ್ಮ ಒಬ್ಬರೇ.

ಅಂದಿನಿಂದ ಮನೆಯಲ್ಲಿಯೂ ಬಾಗಿಲಿಗೆ ಬೆನ್ನು ಹಾಕಿ ಕೂರಲಾಗುತ್ತಿಲ್ಲ. ಹಿಂದಿನಿಂದ ಮಗಳು ಬಂದು ಭುಜ ಮುಟ್ಟಿದರೆ ಬೆಚ್ಚಿಬೀಳುತ್ತೇನೆ. ಸಂಜೆ ಪಾಳಿಗೆ ಹೊರಡುವ ಹೊತ್ತಿಗೆ ಹೊಟ್ಟೆ ಹಿಂಡಿದಂತಾಗುತ್ತದೆ. ಸಂಸ್ಥೆಯವರು ನನಗೆ ಒತ್ತಡ ನಿರ್ವಹಣೆಯ ತರಗತಿಯೊಂದನ್ನು ಗೊತ್ತುಮಾಡಿದ್ದಾರೆ. ಅದು ನನ್ನ ವಾರದ ರಜೆಯ ದಿನ. ಇಂಥ ಘಟನೆ ನಡೆದ ಮೇಲೆ ನಿಮ್ಮ ವಾರ್ಡುಗಳಲ್ಲಿ ಏನು ಮಾಡುತ್ತಾರೆ, ಏನು ಮಾಡಬೇಕು ಎಂಬುದನ್ನು ಅನುಭವಿಗಳು ತಿಳಿಸಬೇಕೆಂದು ಕೋರುತ್ತೇನೆ.

ಹಳೆಯ ಇನ್‌ಚಾರ್ಜ್

ಸಿಸ್ಟರ್, ನೀವು ಪಾಳಿ ಮುಗಿಸಿದ್ದು ನಿಮ್ಮ ತಪ್ಪಲ್ಲ. ಆದರೆ ಆ ಪೆಟ್ಟಿನ ಮೇಲೂ ನಿಮ್ಮನ್ನು ಪಾಳಿಯಲ್ಲಿಯೇ ಉಳಿಸಿಕೊಂಡದ್ದು ಖಂಡಿತ ತಪ್ಪು. ಮುಖಕ್ಕೆ, ತಲೆಗೆ ಬಿದ್ದ ಪೆಟ್ಟು ಆ ಕ್ಷಣಕ್ಕೆ ಏನೂ ಅನ್ನಿಸದಿದ್ದರೂ ಕೆಲವು ಗಂಟೆಗಳ ಮೇಲೆ ತಲೆನೋವು, ವಾಂತಿ, ಮಂಪರಿನ ರೂಪದಲ್ಲಿ ಎದ್ದುಬರಬಹುದಾದ್ದರಿಂದ, ಮೊದಲ ಅರ್ಧ ಗಂಟೆಯೊಳಗೆ ವೈದ್ಯರು ನಿಮ್ಮನ್ನು ನೋಡಿ ಬರೆದಿಡಬೇಕಿತ್ತು. ನಾನು ಇನ್‌ಚಾರ್ಜ್ ಆಗಿದ್ದಾಗ ಅನುಸರಿಸುತ್ತಿದ್ದ ಕ್ರಮವನ್ನು ಹೇಳುತ್ತೇನೆ. ಪೆಟ್ಟು ತಿಂದವರನ್ನು ವಾರ್ಡಿನಿಂದ ಹೊರಗೆ ಕೂರಿಸಬೇಕು, ಜೊತೆಗೊಬ್ಬರು ಇರಬೇಕು, ನಡೆದದ್ದನ್ನು ಹೇಳು ಎಂದು ಯಾರೂ ಒತ್ತಾಯಿಸಬಾರದು, ಮನೆಗೆ ಒಬ್ಬರನ್ನೇ ಕಳುಹಿಸಬಾರದು, ಮರುದಿನ ಬೆಳಿಗ್ಗೆ ಇನ್‌ಚಾರ್ಜ್ ತಾನೇ ಫೋನ್ ಮಾಡಬೇಕು, ಮತ್ತು ಆ ಫೋನು ಡ್ಯೂಟಿಗೆ ಬರುತ್ತೀರಾ ಎಂದು ಕೇಳಲು ಮಾಡಿದ್ದಾಗಿರಬಾರದು.

ಎಲ್ಲಿ ನಿಂತಿದ್ದಿರಿ ಎಂಬ ಪ್ರಶ್ನೆಗೂ ಒಂದು ಜಾಗವಿದೆ. ಅದನ್ನು ಐದನೆಯ ದಿನವೋ ಆರನೆಯ ದಿನವೋ, ಇಡೀ ವಾರ್ಡನ್ನು ಕೂರಿಸಿಕೊಂಡು ಕೇಳಬೇಕು. ಕೇಳುವಾಗ ಆ ಸಂಜೆ ಎಷ್ಟು ಜನ ಡ್ಯೂಟಿಯಲ್ಲಿದ್ದರು, ರೋಗಿ ಬೆಳಗಿನಿಂದಲೇ ಚಡಪಡಿಸುತ್ತಿದ್ದುದನ್ನು ಪಾಳಿ ಬದಲಾಗುವಾಗ ವಿವರ ಒಪ್ಪಿಸುವ ಹ್ಯಾಂಡೋವರ್‌ನಲ್ಲಿ ಯಾರಾದರೂ ಹೇಳಿದ್ದರೇ ಎಂಬುದನ್ನೂ ಕೂಡಿಯೇ ಕೇಳಬೇಕು. ನಾರ್ವೆಯಲ್ಲಿ ರೂಪುಗೊಂಡ ಬ್ರೋಸೆಟ್ ತಪಶೀಲು ಪಟ್ಟಿಯನ್ನು ಹಲವರು ಬಳಸುತ್ತಿರಬಹುದು. ಗೊಂದಲ, ಸಿಡುಕು, ಅಬ್ಬರ, ಮಾತಿನ ಬೆದರಿಕೆ, ಮೈಮೇಲೆ ಏರಿಬರುವ ಬೆದರಿಕೆ, ವಸ್ತುಗಳನ್ನು ಬಡಿಯುವುದು ಎಂಬ ಆರು ಲಕ್ಷಣಗಳಿಗೆ ಒಂದೊಂದು ಅಂಕ ಕೊಟ್ಟು ಮುಂದಿನ 24 ಗಂಟೆಗಳಲ್ಲಿ ಹಿಂಸೆ ನಡೆಯುವ ಸಂಭವವನ್ನು ಅದು ಅಂದಾಜು ಮಾಡುತ್ತದೆ. ಮೂರು ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಅಪಾಯ ಹೆಚ್ಚೆಂದು ತಿಳಿಯಬೇಕು. ಪಟ್ಟಿ ಒಳ್ಳೆಯದೇ. ಆದರೆ ಅಂಕ ಮೂರಕ್ಕೆ ಏರಿದಾಗ ಯಾರು ಬರುತ್ತಾರೆ, ಎಷ್ಟು ಹೊತ್ತಿನಲ್ಲಿ ಬರುತ್ತಾರೆ ಎಂಬುದು ಬರೆದಿರದಿದ್ದರೆ, ಮಳೆ ಬರುತ್ತದೆಂದು ಹೇಳಿ ಕೊಡೆ ಕೊಡದೆ ಕಳುಹಿಸಿದಂತಾಗುತ್ತದೆ.

ಇನ್ನೊಂದನ್ನು ಒಪ್ಪಿಕೊಳ್ಳಬೇಕು. ‘ಈ ಕೆಲಸದಲ್ಲಿ ಇದೆಲ್ಲ ಇದ್ದದ್ದೇ’ ಎಂಬ ಮಾತನ್ನು ಹೊಸದಾಗಿ ಬಂದ ಹುಡುಗಿಯರಿಗೆ ಸಮಾಧಾನವೆಂದು ತಿಳಿದು ವರ್ಷಗಟ್ಟಲೆ ನಾನೇ ಹೇಳಿದ್ದೇನೆ. ಅವರಲ್ಲಿ ಎಷ್ಟು ಜನ ಆಮೇಲೆ ನನ್ನ ಬಳಿ ಏನನ್ನೂ ಹೇಳದೆ ನಿಲ್ಲಿಸಿದರು ಎಂಬುದು ಈಗ ಯೋಚಿಸಿದರೆ ತಿಳಿಯುತ್ತದೆ.

ಮೂರು ವಾರ್ಡಿನ ಬ್ರದರ್

ಪುರುಷ ಶುಶ್ರೂಷಕರ ಪಾಡು ಸ್ವಲ್ಪ ಬೇರೆ. ನನ್ನ ಹೆಸರು ಡ್ಯೂಟಿ ಪಟ್ಟಿಯಲ್ಲಿ ಒಂದೇ ವಾರ್ಡಿನಲ್ಲಿದ್ದರೂ, ಎಲ್ಲಿ ಗಲಾಟೆಯಾದರೂ ‘ಬ್ರದರನ್ನು ಕರೆಯಿರಿ’ ಎಂಬ ಕೂಗು ಏಳುತ್ತದೆ. ರೋಗಿಯ ಹೆಸರು, ಹಿನ್ನೆಲೆ ಯಾವುದೂ ತಿಳಿಯದೆ ಓಡಿಹೋಗಿ, ಹೋದ ಕೂಡಲೇ ತೋಳು ಹಿಡಿಯಬೇಕು. ಹೀಗೆ ಹಿಡಿದು ಹಿಡಿದು ನನ್ನ ಬಲ ಮಣಿಕಟ್ಟು ಹೋಗಿದೆ; ಸೊಂಟದ ನೋವಿಗೆ ಪಟ್ಟಿ ಕಟ್ಟಿಕೊಳ್ಳದೆ ಪಾಳಿ ಕಳೆಯುವುದಿಲ್ಲ. ಎತ್ತುವಾಗ ಬೆನ್ನು ಹೇಗಿಡಬೇಕೆಂದು ಕಲಿಸುವ ತರಬೇತಿಗಳು ಅಲುಗಾಡದೆ ಮಲಗಿದ ರೋಗಿಯನ್ನು ಊಹಿಸಿಕೊಂಡು ರೂಪಿಸಿದವು. ಒದ್ದಾಡುವ ದೇಹಕ್ಕೆ ಅವು ಒದಗುವುದಿಲ್ಲ.

ಮೈನೋವು ಹೋಗಲಿ. ಒಬ್ಬರನ್ನು ಹಿಡಿದಿರುವಾಗ ನನ್ನ ಕಣ್ಣು ಪೂರ್ತಿಯಾಗಿ ಅವರ ಉಸಿರಿನ ಮೇಲಿರುತ್ತದೆ, ಏಕೆಂದರೆ ಎದೆಯ ಮೇಲೆ ಭಾರ ಬಿದ್ದರೆ, ಬೋರಲಾಗಿ ಹೆಚ್ಚು ಹೊತ್ತು ಒತ್ತಿ ಹಿಡಿದರೆ, ಉಸಿರುಗಟ್ಟಿ ಪ್ರಾಣವೇ ಹೋಗಬಹುದೆಂಬುದು ನಮಗೆಲ್ಲ ಗೊತ್ತು. ಹಿಡಿದುದು ಎರಡು ನಿಮಿಷವಾದರೂ ಆ ಎರಡು ನಿಮಿಷ ರಾತ್ರಿಯೆಲ್ಲ ನಡೆಯುತ್ತದೆ. ಬೆಳಗಾದ ಮೇಲೆ ಅದೇ ಕೈಗೆ ನಾನೇ ಹಲ್ಲುಜ್ಜುವ ಬ್ರಷ್ಷು ಕೊಡಬೇಕು, ಹೇಗಿದ್ದೀರಿ ಎಂದು ಕೇಳಬೇಕು. ಇನ್ನೊಬ್ಬರು ಅರ್ಧ ಗಂಟೆ ಪಕ್ಕದಲ್ಲಿ ಕುಳಿತು ಮಾತನಾಡಿದ್ದರೆ ಹಿಡಿಯುವ ಪ್ರಮೇಯವೇ ಬರುತ್ತಿರಲಿಲ್ಲವೆಂದು ತಿಳಿದಿದ್ದೂ, ಕುಳಿತುಕೊಳ್ಳಲು ಆ ಇನ್ನೊಬ್ಬರು ಇಲ್ಲದ್ದರಿಂದ ಹಿಡಿದೆನಲ್ಲ ಎಂಬ ಸಂಕಟಕ್ಕೆ ಯಾವ ನಮೂನೆಯಲ್ಲಿಯೂ ಕಲಂ ಇಲ್ಲ.

ಶುಶ್ರೂಷಾ ಅಧೀಕ್ಷಕಿ

‘ಎಲ್ಲಿ ನಿಂತಿದ್ದಿರಿ’ ಎಂದು ಕೇಳುವ ಕುರ್ಚಿಯಲ್ಲಿ ಕುಳಿತವಳು ನಾನು, ಬೇರೊಂದು ಆಸ್ಪತ್ರೆಯಲ್ಲಿ. ಆದ್ದರಿಂದ ನನ್ನ ಉತ್ತರ ಕೆಲವರಿಗೆ ಹಿಡಿಸದಿರಬಹುದು. ಆ ಪ್ರಶ್ನೆಯನ್ನು ನಾವು ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ. ಘಟನಾ ವರದಿಯ ನಮೂನೆಯಲ್ಲಿ ಸ್ಥಳ, ಸಮಯ, ‘ಘಟನೆಗೆ ಮುಂಚೆ ಸಿಬ್ಬಂದಿ ಕೈಗೊಂಡ ಕ್ರಮ’ ಎಂಬ ಕಲಂಗಳು ಮೊದಲು ಬರುತ್ತವೆ. ಗಾಯದ ವಿವರ ಎರಡನೆಯ ಪುಟದಲ್ಲಿದೆ. ನಾವು ಮೇಲಿನಿಂದ ಕೆಳಕ್ಕೆ ಕೇಳುತ್ತಾ ಹೋಗುತ್ತೇವೆ. ಇದು ಸಮರ್ಥನೆಯಲ್ಲವೆಂದು ಬರೆಯುತ್ತಿರುವಾಗಲೇ ನನಗೂ ಅನ್ನಿಸುತ್ತಿದೆ.

ಸಿಬ್ಬಂದಿ ಕೊರತೆಯ ವಿಚಾರದಲ್ಲಿ ನನ್ನ ಕೈಯಲ್ಲಿರುವುದು ಬಹಳ ಕಡಿಮೆ. ಒಬ್ಬರು ಗಾಯಗೊಂಡು ರಜೆ ಹಾಕಿದರೆ ಅವರ ಪಾಳಿಗಳನ್ನು ಉಳಿದವರಿಗೆ ಹಂಚಬೇಕು; ಹೆಚ್ಚುವರಿ ಪಾಳಿ ಮಾಡಿ ದಣಿದವರಲ್ಲಿ ಇನ್ನೊಬ್ಬರು ಮುಂದಿನ ವಾರ ರಜೆ ಕೇಳುತ್ತಾರೆ. ಒತ್ತಡ ನಿರ್ವಹಣೆಯ ತರಗತಿಗಳನ್ನು ನಾನೂ ಏರ್ಪಡಿಸಿದ್ದೇನೆ, ಅವುಗಳಿಂದ ನಿದ್ದೆ ಸುಧಾರಿಸಿತೆಂದು ಹೇಳಿದವರೂ ಇದ್ದಾರೆ. ತರಗತಿಯನ್ನು ಹಾಸ್ಯ ಮಾಡುವುದು ಸುಲಭ. ನನಗೆ ಮಂಜೂರಾಗುವುದು ಅದೊಂದೇ ಎಂಬುದನ್ನೂ ಗಮನಿಸಬೇಕು.

ಕಾರ್ಮಿಕ ಆರೋಗ್ಯ ವೈದ್ಯ

ಸಂಜೆಪಾಳಿಯವರೇ, ನೀವು ವಿವರಿಸಿದ ಬೆಚ್ಚುವಿಕೆ, ಬಾಗಿಲ ಕಡೆಗೆ ಮುಖ ಮಾಡಿಯೇ ಕೂರುವ ಎಚ್ಚರ, ಕೆಲಸಕ್ಕೆ ಹೊರಡುವಾಗಿನ ಹೊಟ್ಟೆಯ ತಳಮಳ, ಇವು ಆಘಾತಕ್ಕೆ ದೇಹ ತೋರುವ ಸಹಜ ಪ್ರತಿಕ್ರಿಯೆಗಳು. ಬಹುಮಂದಿಯಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಒಂದು ತಿಂಗಳು ದಾಟಿದರೂ ಇಳಿಯದಿದ್ದರೆ, ಘಟನೆ ಕಣ್ಣ ಮುಂದೆ ಮತ್ತೆ ಮತ್ತೆ ಬರುತ್ತಿದ್ದರೆ, ಆ ಕೋಣೆಯನ್ನೋ ಆ ಹೊತ್ತನ್ನೋ ತಪ್ಪಿಸಿಕೊಳ್ಳಲು ನೀವು ದಾರಿ ಹುಡುಕುತ್ತಿದ್ದರೆ, ಅದನ್ನು ಆಘಾತೋತ್ತರ ಒತ್ತಡದ ಕಾಯಿಲೆಯೆಂದು ಪರಿಗಣಿಸಿ ಪರೀಕ್ಷಿಸಬೇಕಾಗುತ್ತದೆ. ನಿಮಗೆ ಮೂರು ವಾರಗಳಾಗಿವೆ. ಕಾಯುತ್ತಾ ಕೂರದೆ ಈಗಲೇ ಒಬ್ಬರನ್ನು ಭೇಟಿ ಮಾಡಿ ಎಂಬುದು ನನ್ನ ಸಲಹೆ.

ಈ ಚರ್ಚೆಯಲ್ಲಿ ಬೇರೆ ಬೇರೆ ತೊಂದರೆಗಳು ಒಂದೇ ಗಂಟಿನಲ್ಲಿ ಸೇರಿಕೊಂಡಿವೆ. ಸಿಸ್ಟರ್ ಅವರದು ಒಂದು ನಿರ್ದಿಷ್ಟ ಘಟನೆಯ ಆಘಾತ. ಬ್ರದರ್ ಹೇಳಿದ್ದು ನೈತಿಕ ಸಂಕಟ. ಸರಿಯಾದುದು ಯಾವುದೆಂದು ತಿಳಿದಿದ್ದರೂ ಸಂಸ್ಥೆಯ ಕಟ್ಟುಪಾಡುಗಳಿಂದಾಗಿ ಅದನ್ನು ಮಾಡಲಾಗದ ಸ್ಥಿತಿಯನ್ನು 1984ರಲ್ಲಿ ಆಂಡ್ರ್ಯೂ ಜೇಮ್ಟನ್ ಎಂಬ ತತ್ತ್ವಶಾಸ್ತ್ರಜ್ಞರು ಶುಶ್ರೂಷಕರ ಸಂದರ್ಭದಲ್ಲಿಯೇ ಹಾಗೆ ಗುರುತಿಸಿದರು. ಮೂರನೆಯದು ಬರ್ನ್‌ಔಟ್, ಅಂದರೆ ವೃತ್ತಿಯ ಬಳಲಿಕೆ. ಆ ಪದವನ್ನು ಈ ಅರ್ಥದಲ್ಲಿ 1974ರಲ್ಲಿ ಬಳಕೆಗೆ ತಂದವರು ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್; ಅದನ್ನು ಅಳೆಯುವ ಪ್ರಶ್ನಾವಳಿಯನ್ನು 1981ರಲ್ಲಿ ಪ್ರಕಟಿಸಿದವರು ಕ್ರಿಸ್ಟಿನಾ ಮ್ಯಾಸ್‌ಲಾಕ್ ಮತ್ತು ಸೂಸನ್ ಜ್ಯಾಕ್ಸನ್. ಭಾವನೆಗಳು ಬತ್ತಿಹೋಗುವುದು, ರೋಗಿಯನ್ನು ಮನುಷ್ಯನೆಂದು ಕಾಣದೆ ‘ಹನ್ನೊಂದನೆಯ ಹಾಸಿಗೆ’ ಎಂದು ಕಾಣತೊಡಗುವುದು, ನನ್ನಿಂದ ಏನೂ ಆಗುತ್ತಿಲ್ಲವೆನ್ನಿಸುವುದು, ಇವು ಮೂರು ಅದರ ಮುಖಗಳು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಬರ್ನ್‌ಔಟನ್ನು ಕಾಯಿಲೆಗಳ ಸಾಲಿಗೆ ಸೇರಿಸದೆ, ಸರಿಯಾಗಿ ನಿಭಾಯಿಸದ ದೀರ್ಘಕಾಲದ ಕೆಲಸದ ಒತ್ತಡದಿಂದ ಹುಟ್ಟುವ ವೃತ್ತಿಸಂಬಂಧಿ ವಿದ್ಯಮಾನವೆಂದು ಸೇರಿಸಿದೆ. ಈ ವ್ಯತ್ಯಾಸ ನನಗೆ ಮುಖ್ಯವೆನಿಸುತ್ತದೆ. ದೋಷ ಇರುವುದು ಕೆಲಸದ ಏರ್ಪಾಡಿನಲ್ಲಾದರೆ ಔಷಧವನ್ನು ಕೆಲಸಗಾರನಿಗೆ ಮಾತ್ರ ಕುಡಿಸಿ ಫಲವೇನು?

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಘಟನೆ ನಡೆದ ಕೂಡಲೇ ಎಲ್ಲರನ್ನೂ ಕಡ್ಡಾಯವಾಗಿ ಕೂರಿಸಿ, ಒಂದೇ ಬೈಠಕ್ಕಿನಲ್ಲಿ ನಡೆದದ್ದನ್ನೆಲ್ಲ ಹೇಳಿಸಿಬಿಡುವ ಪದ್ಧತಿಯೊಂದು ಬಹಳ ಕಾಲ ಚಾಲ್ತಿಯಲ್ಲಿತ್ತು. ಅದರಿಂದ ಆಘಾತೋತ್ತರ ಕಾಯಿಲೆ ತಡೆಯಲ್ಪಡುತ್ತದೆ ಎಂಬುದಕ್ಕೆ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2002ರ ಕಾಕ್ರೇನ್ ಸಮೀಕ್ಷೆಯಲ್ಲಿ ಆಧಾರ ಸಿಗಲಿಲ್ಲ. ಕೆಲವರಿಗೆ ಅದರಿಂದ ಕೆಡುಕೇ ಆಗಬಹುದೆಂಬ ಶಂಕೆಯೂ ಇದೆ. ಹಳೆಯ ಇನ್‌ಚಾರ್ಜ್ ಅವರು ‘ಒತ್ತಾಯಿಸಬಾರದು’ ಎಂದದ್ದು ಅನುಭವದಿಂದ ಬಂದ ಮಾತಾದರೂ ಅಧ್ಯಯನಗಳೂ ಅದನ್ನೇ ಹೇಳುತ್ತವೆ. ಸುರಕ್ಷತೆ, ವಿಶ್ರಾಂತಿ, ಜೊತೆಗೊಬ್ಬರು, ಕೆಲವು ವಾರಗಳವರೆಗೆ ಆಗಾಗ ವಿಚಾರಿಸಿಕೊಳ್ಳುವುದು, ಇಳಿಯದಿದ್ದರೆ ಪರಿಣತರಿಂದ ಚಿಕಿತ್ಸೆ: ಈ ಕ್ರಮವೇ ಲೇಸು.

ಸಂಜೆಪಾಳಿ

ಡಾಕ್ಟರೇ, ನಿಮ್ಮ ಸಲಹೆಗೆ ಕೃತಜ್ಞಳು. ಆದರೆ ಹೇಳಲು ನಾಚಿಕೆಯಾಗುವ ಒಂದು ಅಡ್ಡಿಯಿದೆ. ಮನೋವೈದ್ಯರಲ್ಲಿಗೆ ಹೋಗುವುದರಲ್ಲಿ ಅವಮಾನವೇನೂ ಇಲ್ಲವೆಂದು ದಿನಕ್ಕೆ ಹತ್ತು ಮಂದಿ ರೋಗಿಗಳ ಬಂಧುಗಳಿಗೆ ತಿಳಿಹೇಳುವ ನನಗೆ, ನಾನೇ ಹೋಗಬೇಕೆಂದಾಗ ಕಾಲು ಏಳುತ್ತಿಲ್ಲ. ನಮ್ಮ ಊರಿನ ಮನೋವೈದ್ಯರೆಲ್ಲ ನನ್ನನ್ನು ಬಲ್ಲವರು. ನನ್ನ ಹೆಸರಿನ ಕಡತವೊಂದು ತೆರೆದರೆ ನಾಳೆ ತೀವ್ರ ವಾರ್ಡಿಗೆ ಇವಳು ತಕ್ಕವಳಲ್ಲವೆಂದು ಯಾರಾದರೂ ಬರೆದರೆ?

ಹಳೆಯ ಇನ್‌ಚಾರ್ಜ್

ಸಿಸ್ಟರ್, ನಾನು ಹದಿನಾಲ್ಕು ತಿಂಗಳು ಖಿನ್ನತೆಯ ಮಾತ್ರೆ ತೆಗೆದುಕೊಂಡಿದ್ದೇನೆ. ಆ ಮಾತ್ರೆಯ ಹೆಸರನ್ನು ದಿನವೂ ರೋಗಿಗಳ ಚಾರ್ಟಿನಲ್ಲಿ ಬರೆಯುತ್ತಿದ್ದವಳು, ನನ್ನ ಡಬ್ಬಿಯ ಮೇಲಿನ ಚೀಟಿಯನ್ನು ಕಿತ್ತು ಅದನ್ನು ಚೀಲದ ತಳದಲ್ಲಿ ಇಡುತ್ತಿದ್ದೆ. ಈಗ ನಿವೃತ್ತಳಾದ್ದರಿಂದ ಹೇಳುತ್ತಿದ್ದೇನೆ; ಆಗ ಹೇಳಿದ್ದರೆ ನನ್ನ ಕೈಕೆಳಗಿದ್ದವರಿಗೆ ಎಷ್ಟೋ ಸುಲಭವಾಗುತ್ತಿತ್ತು. ನಿಮ್ಮ ಸಂಸ್ಥೆಯಲ್ಲಿ ಕೆಲಸ ಮಾಡದ, ನಿಮ್ಮ ಡ್ಯೂಟಿ ಪಟ್ಟಿಗೆ ಸಂಬಂಧವಿಲ್ಲದ ಒಬ್ಬರನ್ನು ಹುಡುಕಿ, ದೂರದವರಾದರೂ ಚಿಂತೆಯಿಲ್ಲ, ಫೋನಿನಲ್ಲಾದರೂ ಮಾತನಾಡಿ. ಸಿಬ್ಬಂದಿಗೆಂದೇ ಮೀಸಲಾದ ಆಪ್ತಸಮಾಲೋಚಕರನ್ನು ಅದೇ ಆಸ್ಪತ್ರೆಯೊಳಗಿನಿಂದ ನೇಮಿಸಿ, ಯಾರೂ ಬರುತ್ತಿಲ್ಲವೆಂದು ದೂರುವ ಆಡಳಿತಗಾರರು ಈ ಮುಜುಗರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ಇನ್ನೊಂದು ವಿಚಾರ. ಶುಶ್ರೂಷೆಯೆಂದರೆ ಮೂಲತಃ ಶುಶ್ರೂಷಕಿ ಮತ್ತು ರೋಗಿಯ ನಡುವಿನ ಸಂಬಂಧವೆಂದು ಅಮೆರಿಕದ ಶುಶ್ರೂಷಾ ಚಿಂತಕಿ ಹಿಲ್ಡೆಗಾರ್ಡ್ ಪೆಪ್ಲೌ 1952ರಲ್ಲಿಯೇ ವಾದಿಸಿದ್ದರು. ನಮ್ಮ ವಾರ್ಡಿನಲ್ಲಿ ಚಿಕಿತ್ಸೆಯ ಮುಖ್ಯ ಉಪಕರಣ ನಾವೇ. ರಕ್ತದೊತ್ತಡ ಅಳೆಯುವ ಯಂತ್ರಕ್ಕೆ ಮುಂದಿನ ಪರೀಕ್ಷೆಯ ದಿನಾಂಕ ಬರೆದ ಚೀಟಿ ಅಂಟಿಸಿರುತ್ತಾರೆ; ನಮಗೆ ಅಂಥದ್ದು ಯಾವುದಿದೆ? ತಿಂಗಳಿಗೊಮ್ಮೆ ಒಂದು ಗಂಟೆ, ಡ್ಯೂಟಿಯ ವೇಳೆಯಲ್ಲಿಯೇ, ತನ್ನ ಮೇಲಧಿಕಾರಿಯಲ್ಲದ ಒಬ್ಬ ಅನುಭವಿಯ ಎದುರು ಕುಳಿತು ಕಷ್ಟದ ರೋಗಿಗಳ ಬಗ್ಗೆ, ಅವರ ಮೇಲೆ ಬಂದ ಸಿಟ್ಟಿನ ಬಗ್ಗೆಯೂ, ಮಾತನಾಡುವ ಏರ್ಪಾಡನ್ನು ಕೆಲವು ದೇಶಗಳಲ್ಲಿ ಕ್ಲಿನಿಕಲ್ ಸೂಪರ್‌ವಿಷನ್ ಎಂದು ರೂಢಿಗೆ ತಂದಿದ್ದಾರೆ. ಹೆಸರು ಕೇಳಿ ತಪಾಸಣೆಯೆಂದು ಹೆದರಬೇಡಿ. ನಾನು ಎರಡು ವರ್ಷ ಅದನ್ನು ನಡೆಸಿದ್ದೇನೆ. ಮೊದಲ ನಾಲ್ಕು ತಿಂಗಳು ಎಲ್ಲರೂ ರಜೆ ಸಿಗದ ಬಗ್ಗೆ ಮಾತ್ರ ಮಾತನಾಡಿದರು, ಐದನೆಯ ತಿಂಗಳು ಒಬ್ಬಳು ಅತ್ತಳು, ಆಮೇಲೆ ಕೆಲಸ ಶುರುವಾಯಿತು.

ರಾತ್ರಿದೀಪ

ರಾತ್ರಿ ಪಾಳಿಯ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಅಪಾಯದಲ್ಲಿರುವ ರೋಗಿಗಳನ್ನು ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ನೋಡಿ ಸಹಿ ಹಾಕಬೇಕು. ಬೆಳಕು ಅವರ ಮುಖಕ್ಕೆ ಬೀಳದಂತೆ ಟಾರ್ಚನ್ನು ನೆಲಕ್ಕೆ ಹಿಡಿದು, ಬೀಗದ ಕೈಗಳು ಸದ್ದು ಮಾಡದಂತೆ ಗೊಂಚಲನ್ನು ಮುಷ್ಟಿಯಲ್ಲಿ ಬಿಗಿದುಕೊಂಡು, ಹೊದಿಕೆ ಏರಿ ಇಳಿಯುತ್ತಿದೆಯೇ ಎಂದು ನೋಡುತ್ತಾ ನಿಲ್ಲುತ್ತೇನೆ. ಕೆಲವೊಮ್ಮೆ ಹೊದಿಕೆ ಏರುವುದಕ್ಕೆ ತಡವಾಗುತ್ತದೆ. ಆ ಎರಡು ಕ್ಷಣ ನನ್ನ ಉಸಿರೂ ನಿಂತಿರುತ್ತದೆ. ಒಬ್ಬ ರೋಗಿಗೆ ಒಂದು ರಾತ್ರಿಯಲ್ಲಿ ಗಂಟೆಗೆ ನಾಲ್ಕರಂತೆ ನಲವತ್ತು ಬಾರಿ ಹೀಗೆ ನಿಂತು, ಬೆಳಿಗ್ಗೆ ಮನೆಗೆ ಹೋದ ಮೇಲೆ ನಿದ್ದೆ ಬರುತ್ತದೆಂದು ಯಾರು ನಿರೀಕ್ಷಿಸುತ್ತಾರೋ ತಿಳಿಯದು. ಮಲಗಿದ ಮಗುವಿನ ಹೊದಿಕೆಯನ್ನೂ ನಾನು ಹಾಗೆಯೇ ನೋಡುತ್ತೇನೆ.

ಒಂದು ರಾತ್ರಿ ನಾವು ಒಬ್ಬರನ್ನು ಕಳೆದುಕೊಂಡೆವು. ಆತ್ಮಹತ್ಯೆ. ವಿವರ ಬೇಡ. ನನ್ನ ಸಹಿಗಳು ಸರಿಯಾಗಿದ್ದವು. ವಿಚಾರಣೆ ನಡೆದ ಏಳು ವಾರಗಳಲ್ಲಿ ಎಲ್ಲರೂ ಆ ಸಹಿಗಳ ಬಗ್ಗೆ ಮಾತನಾಡಿದರೇ ಹೊರತು, ಆ ವ್ಯಕ್ತಿಯನ್ನು ಆರು ತಿಂಗಳಿಂದ ಬಲ್ಲ ನನಗೆ ದುಃಖವಾಗಿರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ದೇಹದ ಲೆಕ್ಕವನ್ನೂ ಹೇಳಬೇಕು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ದೇಹದ ಗಡಿಯಾರವನ್ನು ಕೆಡಿಸುವ ಪಾಳಿ ಕೆಲಸವನ್ನು 2007ರಲ್ಲಿ, ರಾತ್ರಿ ಪಾಳಿಯನ್ನು ಮತ್ತೆ 2019ರಲ್ಲಿ, ಕ್ಯಾನ್ಸರ್ ಉಂಟುಮಾಡುವ ಸಂಭವವಿರುವ 2ಎ ಗುಂಪಿಗೆ ಸೇರಿಸಿದೆ. ರಾತ್ರಿ ಪಾಳಿಯನ್ನು ತಪ್ಪಿಸಲಾಗದು, ಒಪ್ಪುತ್ತೇನೆ. ಆದರೆ ಬೆಳಿಗ್ಗೆ, ಸಂಜೆ, ರಾತ್ರಿ ಎಂಬ ಕ್ರಮದಲ್ಲಿ ಮುಂದಕ್ಕೆ ಸರಿಯುವ ಪಟ್ಟಿಗೆ ದೇಹ ಹೊಂದಿಕೊಂಡಷ್ಟು ಹಿಂದಕ್ಕೆ ಸರಿಯುವ ಪಟ್ಟಿಗೆ ಹೊಂದಿಕೊಳ್ಳುವುದಿಲ್ಲ. ಸಂಜೆ ಪಾಳಿ ಮುಗಿಸಿದವರನ್ನು ಮರುದಿನ ಬೆಳಗಿನ ಪಾಳಿಗೇ ಕರೆದರೆ ನಡುವೆ ಹನ್ನೊಂದು ಗಂಟೆಗಳ ಬಿಡುವೂ ಸಿಗುವುದಿಲ್ಲ. ಇವೆರಡನ್ನು ಸರಿಪಡಿಸಲು ಹಣ ಬೇಕಿಲ್ಲ. ಪಟ್ಟಿ ಬರೆಯುವವರು ಒಂದು ಸಲ ತಾವೇ ಆ ಪಟ್ಟಿಯಂತೆ ಬದುಕಿ ನೋಡಿದರೆ ಸಾಕು.

ಮನೆಭೇಟಿ

ಆಸ್ಪತ್ರೆಯ ಹೊರಗೆ, ರೋಗಿಗಳ ಮನೆಗಳಿಗೆ ಹೋಗಿ ಶುಶ್ರೂಷೆ ಮಾಡುವವಳು ನಾನು. ನಮಗೆ ಕರೆದರೆ ಓಡಿಬರುವ ಬ್ರದರ್ ಕೂಡ ಇಲ್ಲ. ಹೊರಡುವ ಮುನ್ನ ಯಾವ ಮನೆ, ಎಷ್ಟು ಹೊತ್ತಿಗೆ ಹೊರಬರುತ್ತೇನೆ ಎಂಬುದನ್ನು ಸಹೋದ್ಯೋಗಿಗೆ ಹೇಳಿ, ಹೊರಬಂದ ಮೇಲೆ ಮತ್ತೆ ಹೇಳುತ್ತೇನೆ. ಕೋಣೆಯಲ್ಲಿ ಬಾಗಿಲಿಗೆ ಹತ್ತಿರವಾದ ಕುರ್ಚಿಯನ್ನೇ ಆರಿಸಿಕೊಳ್ಳುತ್ತೇನೆ. ಫೋನಿನಲ್ಲಿ ‘ನೀಲಿ ಕಡತ ಮರೆತು ಬಂದೆ’ ಎಂದರೆ ಯಾರನ್ನಾದರೂ ಕಳುಹಿಸಿ ಎಂದು ಅರ್ಥ. ಆ ಕಡತವನ್ನು ಐದು ವರ್ಷಗಳಲ್ಲಿ ಎರಡು ಸಲ ಮರೆತಿದ್ದೇನೆ. ಬೈಗುಳಗಳನ್ನು ನಾವು ಯಾರೂ ವರದಿ ಮಾಡುವುದಿಲ್ಲ. ಮಾಡಿದರೆ ದಿನವೂ ಬರೆಯುತ್ತಲೇ ಕೂರಬೇಕಾಗುತ್ತದೆ. ಹೀಗಾಗಿ ಕಾಗದದ ಮೇಲೆ ನಮ್ಮ ವಿಭಾಗ ಬಹಳ ಶಾಂತವಾಗಿದೆ.

ಹಾಸಿಗೆ ಹನ್ನೊಂದು

ನಾನು ಶುಶ್ರೂಷಕನಲ್ಲ, ಈ ವೃತ್ತಿಯವರ ನಡುವೆ ಮಾತನಾಡುತ್ತಿರುವುದಕ್ಕೆ ಕ್ಷಮೆಯಿರಲಿ. ಇಂಥ ವಾರ್ಡಿನಲ್ಲಿ ಮೂರು ಬಾರಿ ಇದ್ದವನು. ಡಾಕ್ಟರು ಕೊಟ್ಟ ಉದಾಹರಣೆಯಿಂದಲೇ ಈ ಹೆಸರನ್ನು ತೆಗೆದುಕೊಂಡಿದ್ದೇನೆ.

ನೀವು ಮುಖದ ಮೇಲೆ ಏನನ್ನೂ ತೋರಿಸುವುದಿಲ್ಲವೆಂದು ನೀವು ತಿಳಿದಿದ್ದೀರಿ. ಹಾಸಿಗೆಯ ಮೇಲಿರುವವರಿಗೆ ನೋಡಲು ನಿಮ್ಮನ್ನು ಬಿಟ್ಟರೆ ಬೇರೇನಿರುತ್ತದೆ? ನಡೆಯುವ ಸದ್ದಿನಲ್ಲಿಯೇ ಈ ದಿನ ಯಾವ ಸಿಸ್ಟರ್, ಅವರಿಗೆ ನಿದ್ದೆಯಾಗಿದೆಯೋ ಇಲ್ಲವೋ ಎಂಬುದು ನಮಗೆ ಗೊತ್ತಾಗುತ್ತಿತ್ತು. ದಣಿದವರು ಬಂದ ದಿನ ‘ಆಮೇಲೆ’ ಎಂಬ ಪದ ಹೆಚ್ಚು ಕೇಳುತ್ತಿತ್ತು. ನೀರು ಆಮೇಲೆ, ಫೋನು ಆಮೇಲೆ, ಡಾಕ್ಟರು ಆಮೇಲೆ. ಗಲಾಟೆಗಳು ಆ ದಿನಗಳಲ್ಲಿಯೇ ಆಗುತ್ತಿದ್ದವು.

ಎರಡನೆಯ ಬಾರಿ ದಾಖಲಾಗಿದ್ದಾಗ ನಾನು ಶುಶ್ರೂಷಕರೊಬ್ಬರನ್ನು ಗೋಡೆಗೆ ತಳ್ಳಿದೆ. ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನು ಕೇಳಿದಾಗ ‘ನೀವು ಅದನ್ನೆಲ್ಲ ಯೋಚಿಸಬೇಡಿ’ ಎಂದರು. ಅವರಿಗೆ ಏನಾಯಿತೆಂಬುದು ನನಗೆ ಇಂದಿಗೂ ತಿಳಿಯದು. ಸಿಸ್ಟರ್, ನಿಮ್ಮ ಬಳಿ ಬಂದು ಕ್ಷಮೆ ಕೇಳಲು ಆ ರೋಗಿಗೆ ಅವಕಾಶ ಸಿಕ್ಕಿತಲ್ಲ, ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಮೂರು ವಾರ್ಡಿನ ಬ್ರದರ್

ಹಾಸಿಗೆ ಹನ್ನೊಂದರವರೇ, ನೀವು ಮಾತನಾಡಿದ್ದು ಒಳ್ಳೆಯದಾಯಿತು. ನೀವು ಹೇಳಿದ ಆ ‘ಆಮೇಲೆ’ಯ ಬಗ್ಗೆಯೇ ಇಂಗ್ಲೆಂಡಿನಲ್ಲಿ ಒಂದು ದೊಡ್ಡ ಪ್ರಯೋಗ ನಡೆದಿದೆ. ಮನೋರೋಗ ಶುಶ್ರೂಷೆಯ ಪ್ರಾಧ್ಯಾಪಕ ಲೆನ್ ಬೋವರ್ಸ್ ಮತ್ತು ಸಂಗಡಿಗರು ರೂಪಿಸಿದ ಸೇಫ್‌ವಾರ್ಡ್ಸ್ ಎಂಬ ಕ್ರಮದಲ್ಲಿ ಹತ್ತು ಸಣ್ಣ ಸಣ್ಣ ಪದ್ಧತಿಗಳಿವೆ. ಹ್ಯಾಂಡೋವರ್‌ನಲ್ಲಿ ಪ್ರತಿ ರೋಗಿಯ ಬಗ್ಗೆಯೂ ಒಂದು ಒಳ್ಳೆಯ ಸಂಗತಿಯನ್ನು ಹೇಳುವುದು, ರೋಗಿಗೆ ಬರಲಿರುವ ಕೆಟ್ಟ ಸುದ್ದಿಯನ್ನು ಮೊದಲೇ ಊಹಿಸಿ ಜೊತೆಗಿರುವುದು, ಇಲ್ಲವೆನ್ನಬೇಕಾದಾಗ ಮೆದುವಾಗಿ ಹೇಳುವ ಬಗೆ, ಸಿಬ್ಬಂದಿ ಮತ್ತು ರೋಗಿಗಳು ಪರಸ್ಪರ ಇಷ್ಟಾನಿಷ್ಟಗಳನ್ನು ತಿಳಿದುಕೊಳ್ಳುವುದು, ಇಂಥವು. 15 ಆಸ್ಪತ್ರೆಗಳ 31 ವಾರ್ಡುಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಸಂಘರ್ಷದ ಘಟನೆಗಳು ಶೇ. 15ರಷ್ಟು, ಹಿಡಿಯುವುದು, ಕೂಡಿಹಾಕುವುದು ಮೊದಲಾದ ನಿರ್ಬಂಧ ಕ್ರಮಗಳು ಶೇ. 26ರಷ್ಟು ಕಡಿಮೆಯಾದವು. ಇದರಲ್ಲಿ ನನಗೆ ಬಹಳ ಸ್ವಾರಸ್ಯವೆನಿಸಿದ್ದು ಹೋಲಿಕೆಗೆಂದು ಆರಿಸಿದ ಇನ್ನೊಂದು ಗುಂಪು. ಆ ವಾರ್ಡುಗಳಿಗೆ ಕೊಟ್ಟದ್ದು ಸಿಬ್ಬಂದಿಯ ದೈಹಿಕ ಆರೋಗ್ಯ ಸುಧಾರಣೆಯ ಕಾರ್ಯಕ್ರಮ! ಅಧೀಕ್ಷಕಿ ಮೇಡಂ ಅವರೇ, ತರಗತಿಯನ್ನು ನಾನು ಹಾಸ್ಯ ಮಾಡುತ್ತಿಲ್ಲ. ಪೆಟ್ಟುಗಳನ್ನೇ ಕಡಿಮೆ ಮಾಡುವ ದಾರಿಯಿರುವಾಗ, ತಿಂದ ಪೆಟ್ಟನ್ನು ತಾಳಿಕೊಳ್ಳುವುದನ್ನು ಮಾತ್ರ ಏಕೆ ಕಲಿಸಬೇಕು ಎಂದಷ್ಟೇ ಕೇಳುತ್ತಿದ್ದೇನೆ.

ಶುಶ್ರೂಷಾ ಅಧೀಕ್ಷಕಿ

ಆ ಪ್ರಯೋಗ ಅಳೆದದ್ದು ವಾರ್ಡಿನ ಘಟನೆಗಳನ್ನು; ಅದರಿಂದ ಶುಶ್ರೂಷಕರ ನಿದ್ದೆ ಸುಧಾರಿಸಿತೆಂದು ತೀರ್ಮಾನಿಸಲಾಗದು. ಆದರೂ ನಿಮ್ಮ ಮಾತನ್ನು ಒಪ್ಪುತ್ತೇನೆ. ನನ್ನ ಅಧಿಕಾರದ ಮಿತಿಯಲ್ಲಿ ಈ ವಾರ ಎರಡು ಕೆಲಸ ಮಾಡಿದ್ದೇನೆ. ಘಟನಾ ವರದಿಯ ಎರಡನೆಯ ಪುಟದಲ್ಲಿದ್ದ ಗಾಯದ ವಿವರವನ್ನು ಮೊದಲ ಸಾಲಿಗೆ ತಂದು, ಅದರ ಕೆಳಗೆ ‘ಈಗ ನಿಮ್ಮ ಜೊತೆ ಯಾರಿದ್ದಾರೆ?’ ಎಂಬ ಸಾಲನ್ನು ಸೇರಿಸಿದೆ. ತರಗತಿಗಳನ್ನು ಡ್ಯೂಟಿಯ ವೇಳೆಗೆ ಬದಲಾಯಿಸಿದೆ. ರಜೆಯ ದಿನ ಇಟ್ಟಿದ್ದ ತಪ್ಪು ನಮ್ಮಲ್ಲಿಯೂ ಇತ್ತು. ಸಿಬ್ಬಂದಿ ಹೆಚ್ಚಿಸುವ ವಿಷಯಕ್ಕೆ ಮಾತ್ರ ಬೇರೆ ಬಲ ಬೇಕು. ಕೆಲಸದ ಸ್ಥಳದ ಹಿಂಸೆ ಮತ್ತು ಕಿರುಕುಳದ ಕುರಿತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ 190ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಹೊರಗಿನವರಿಂದ ನಡೆಯುವ ಹಿಂಸೆಯನ್ನೂ ಅದು ಗಣನೆಗೆ ತೆಗೆದುಕೊಳ್ಳುತ್ತದೆ. ಶುಶ್ರೂಷಾ ಸಿಬ್ಬಂದಿಗೆಂದೇ ಇರುವ 149ನೆಯ ಒಡಂಬಡಿಕೆ 1977ರಷ್ಟು ಹಳೆಯದು. ಮೇಲಿನವರಿಗೆ ಪತ್ರ ಬರೆಯುವಾಗ ಇವೆರಡನ್ನೂ ಉಲ್ಲೇಖಿಸುತ್ತೇನೆ. ವರದಿಯಾಗದ ಪೆಟ್ಟುಗಳು ನನ್ನ ಪತ್ರಕ್ಕೆ ಆಧಾರವಾಗಲಾರವು. ಆದ್ದರಿಂದ ಮನೆಭೇಟಿಯವರು ಆ ಬೈಗುಳಗಳನ್ನು ಒಂದು ತಿಂಗಳ ಮಟ್ಟಿಗಾದರೂ ಬರೆದಿಡಲಿ.

ಸಂಜೆಪಾಳಿ

ಎಲ್ಲರಿಗೂ ಉತ್ತರಿಸಲು ತಡವಾಯಿತು. ಬೇರೆ ಊರಿನ ಒಬ್ಬ ಮನಶ್ಶಾಸ್ತ್ರಜ್ಞರೊಂದಿಗೆ ಎರಡು ಬಾರಿ ಮಾತನಾಡಿದ್ದೇನೆ. ಮಗಳಿಗೆ ಹಿಂದಿನಿಂದ ಬರುವಾಗ ಹಾಡುತ್ತಾ ಬಾ ಎಂದು ಹೇಳಿದ್ದೇನೆ. ಅವಳಿಗೆ ಅದು ಆಟವಾಗಿದೆ.

ನಮ್ಮ ಇನ್‌ಚಾರ್ಜ್ ಅವರಿಗೆ ಈ ಚರ್ಚೆಯ ಮೊದಲ ಕೆಲವು ಉತ್ತರಗಳನ್ನು ಓದಲು ಕೊಟ್ಟೆ. ಅವರು ಏನೂ ಹೇಳಲಿಲ್ಲ, ಆದರೆ ಮರುದಿನದಿಂದ ಸಂಜೆಯ ಮಾತ್ರೆಯ ಹೊತ್ತಿಗೆ ನನ್ನ ಜೊತೆ ಇನ್ನೊಬ್ಬರನ್ನು ಹಾಕಿದರು. ನಾನು ಮಾತ್ರೆ ಕೊಡುವಾಗ ಅವರು ಒಂದೆರಡು ಹೆಜ್ಜೆ ಪಕ್ಕಕ್ಕೆ ನಿಂತು ರೋಗಿಗಳೊಂದಿಗೆ ಮಾತನಾಡುತ್ತಿರುತ್ತಾರೆ. ನನ್ನನ್ನು ಹೊಡೆದವರು ನಿನ್ನೆ ಮಾತ್ರೆ ನುಂಗಿ, ನೀರಿನ ಲೋಟವನ್ನು ಹಿಂದಿರುಗಿಸುವಾಗ ಅದನ್ನು ನನ್ನ ಕೈಗೆ ಕೊಡದೆ ತಟ್ಟೆಯ ಮೇಲೆ ನಿಧಾನವಾಗಿ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದರು. ನನ್ನನ್ನು ಹೆದರಿಸಬಾರದೆಂದು ಅವರು ಹಾಗೆ ಮಾಡಿದರೆಂದು ಸ್ವಲ್ಪ ತಡವಾಗಿ ಹೊಳೆಯಿತು.

ಮುಂದಿನ ತಿಂಗಳ ಪಟ್ಟಿ ನಿನ್ನೆ ಅಂಟಿಸಿದ್ದಾರೆ. ಹತ್ತನೆಯ ತಾರೀಖಿನಿಂದ ಆ ಎರಡನೆಯವರ ಹೆಸರು ಬೇರೆ ವಾರ್ಡಿನಲ್ಲಿದೆ. ಸೋಮವಾರ ಅದನ್ನು ಕೇಳಲು ಕಚೇರಿಗೆ ಹೋಗುತ್ತಿದ್ದೇನೆ. ಬ್ರದರ್ ಹೇಳಿದ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೇನೆ.